ಗುಳೆ ಹೋಗುವ ಜಿಲ್ಲೆ ಈ ಚಿತ್ರ ನೋಡಬೇಕು

ಜಾನ್‌ಫ್ರಾಂಕೊ ರೋಸಿ ಅವರ ‘ಫೈರ್ ಅಟ್ ಸೀ’ ಸಾಕ್ಷ್ಯಚಿತ್ರವನ್ನು ಯಾದಗಿರಿ, ಶಹಾಪುರ, ಸುರಪುರದ ಕಾಲೇಜುಗಳಲ್ಲಿ ತೋರಿಸಬೇಕು ಎಂದಿದ್ದಕ್ಕೆ ಹಲವು ಆಕ್ಷೇಪಗಳು ಬಂದಿವೆ. ಎತ್ತಿದವರು ತಿಳಿದವರು, ಬಹುಪಾಲು ಸ್ನೇಹಿತರು. ಅವರಿಗೆ ಉತ್ತರ ಕೊಡಲೇಬೇಕು.

ನೋಡದವರಿಗಾಗಿ ಎರಡು ಮಾತು. ಲ್ಯಾಂಪೆದೂಸಾ ಇಟಲಿಗೆ ಸೇರಿದ ಸಣ್ಣ ದ್ವೀಪ. ಸಿಸಿಲಿಗಿಂತ ಟ್ಯುನೀಷಿಯಾಕ್ಕೇ ಹತ್ತಿರ. ಲಿಬಿಯಾ ದಂಡೆಯಿಂದ ಕಿಕ್ಕಿರಿದ ದೋಣಿಗಳಲ್ಲಿ ಹೊರಟ ನಿರಾಶ್ರಿತರು ಲಕ್ಷಗಟ್ಟಲೆ ಅಲ್ಲಿ ಬಂದಿಳಿದಿದ್ದಾರೆ. 2013ರ ಅಕ್ಟೋಬರ್ 3ರಂದು ದಡ ಕಾಣುವಷ್ಟು ಹತ್ತಿರದಲ್ಲೇ ಒಂದು ದೋಣಿ ಮುಳುಗಿ 360ಕ್ಕೂ ಹೆಚ್ಚು ಜನ ಸತ್ತರು. ರೋಸಿ ವರ್ಷಕ್ಕೂ ಮಿಕ್ಕಿ ಆ ದ್ವೀಪದಲ್ಲೇ ಇದ್ದು ಚಿತ್ರೀಕರಿಸಿದರು. 2016ರಲ್ಲಿ ಬರ್ಲಿನ್ ಚಿತ್ರೋತ್ಸವದ ಗೋಲ್ಡನ್ ಬೇರ್ ಇದಕ್ಕೆ ಸಂದಿತು.

‘ನಮ್ಮ ಮಂದಿನೇ ಗುಳೆ ಹೊಂಟಾರ, ಮೊದಲು ಅವರದು ಮಾತಾಡ್ರಿ’ ಎಂಬುದು ಮೊದಲ ಆಕ್ಷೇಪ. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನಾರಾಯಣಪುರದ ಕಾಲುವೆ ನೀರು ಹರಿದ ತಾಲ್ಲೂಕುಗಳಿಂದಲೂ ಜನ ಬೆಂಗಳೂರು, ಮುಂಬೈ, ಪುಣೆಗೆ ಹೋಗುತ್ತಲೇ ಇದ್ದಾರೆ. ಮಕ್ಕಳ ಶಾಲೆ ನಡುವಿಗೇ ನಿಲ್ಲುತ್ತದೆ, ಮುದುಕರು ಮನೆ ಕಾಯುತ್ತಾರೆ. ಆದರೆ ಗುಳೆಯ ಮಾತಿಗೆ ಈ ಚಿತ್ರ ಅಡ್ಡಿ ಹೇಗಾದೀತು? 2020ರ ಮೇ ತಿಂಗಳನ್ನು ನೆನೆಯಿರಿ. ಮಹಾರಾಷ್ಟ್ರದಿಂದ ಮರಳಿದ ನಮ್ಮವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಇರಿಸಲಾಯಿತು. ದುಡಿಯಲು ಹೋಗಿದ್ದವರು ಒಮ್ಮೆಗೇ ‘ರೋಗ ತಂದವರು’ ಆದರು. ಹೊರಗಿನಿಂದ ಬರುವವರು ಬೇಡವೆಂದು ದಾರಿಗೆ ಮುಳ್ಳು ಹಾಕಿದ ಊರುಗಳೂ ನಮ್ಮ ರಾಜ್ಯದಲ್ಲಿದ್ದವು. ದೋಣಿಯಲ್ಲಿ ಬಂದವನನ್ನು ಯುರೋಪು ಯಾವ ಕಣ್ಣಿನಿಂದ ನೋಡುತ್ತದೆ ಎಂದು ತಿಳಿಯಲು ನಮಗೆ ಪುಸ್ತಕ ಬೇಕಿಲ್ಲ. ಒಂದು ವ್ಯತ್ಯಾಸವನ್ನಂತೂ ಒಪ್ಪಲೇಬೇಕು. ಗುಳೆ ಹೋದವನಿಗೆ ಜಾತ್ರೆಗೋ ಉಗಾದಿಗೋ ಮರಳಲು ಒಂದು ಊರಿದೆ, ರೇಷನ್ ಕಾರ್ಡಿದೆ. ಈ ಚಿತ್ರ ಬಂದ ಕಾಲದಲ್ಲಿ ಎರಿಟ್ರಿಯಾದಿಂದಲೋ ಸಿರಿಯಾದಿಂದಲೋ ಓಡಿಬಂದವನಿಗೆ ಹಿಂದಿರುಗಿದರೆ ಜೈಲೋ ಸಾವೋ ಕಾದಿರುತ್ತಿತ್ತು. ಆ ವ್ಯತ್ಯಾಸ ಅರಿಯುವುದಕ್ಕೂ ಚಿತ್ರ ನೋಡಬೇಕು.

‘ಸಾವಿರ ಡಾಲರ್ ಕೊಟ್ಟು ದೋಣಿ ಹತ್ತುವವರು ಬಡವರೇ?’ ಎಂದು ಇನ್ನೊಬ್ಬರು ಕೇಳಿದ್ದಾರೆ. ಆ ಹಣದ ಲೆಕ್ಕ ಚಿತ್ರದಲ್ಲೇ ಇದೆ. ಮೇಲೆ ಕೂರಲು 1,500 ಡಾಲರ್, ನಡುವೆ 1,000, ತಳದಲ್ಲಿ 800. ಕಡಿಮೆ ಕೊಟ್ಟವನನ್ನು ಗಾಳಿಯಿಲ್ಲದ ತಳಕ್ಕೆ ತುಂಬುತ್ತಾರೆ. ಹೆಣಗಳು ಸಿಗುವುದೂ ಅಲ್ಲೇ. ದ್ವೀಪದ ವೈದ್ಯ ಪಿಯೆತ್ರೊ ಬಾರ್ತೊಲೊ ಕಂಪ್ಯೂಟರಿನ ಮುಂದೆ ಕೂತು ಇದನ್ನು ವಿವರಿಸುತ್ತಾರೆ. ದೋಣಿಯಲ್ಲಿ ಚೆಲ್ಲಿದ ಇಂಧನ ಉಪ್ಪುನೀರಿನೊಂದಿಗೆ ಬೆರೆತು ಬಟ್ಟೆಗೆ ಹತ್ತಿ, ಮೈ ಸುಟ್ಟು ಹೋಗಿರುತ್ತದೆ. ಎಷ್ಟು ಹೆಣ ನೋಡಿದರೂ ಇದು ರೂಢಿಯಾಗುವುದಿಲ್ಲ ಎನ್ನುತ್ತಾರೆ ಅವರು. ದುಡ್ಡು ಕೊಟ್ಟಿದ್ದು ಸಿರಿವಂತಿಕೆಯ ಗುರುತಾದರೆ, ಹೊಲ ಅಡವಿಟ್ಟು ಆಸ್ಪತ್ರೆಗೆ ಕಟ್ಟುವ ನಮ್ಮ ರೈತನೂ ಸಿರಿವಂತನೇ ಆಗಬೇಕು.

ನನ್ನನ್ನು ಹೆಚ್ಚು ಕಾಡಿದ ಮಾತು ಬೇರೆ: ‘ಬುದ್ಧಿ ಇದ್ದ ತಾಯಿ ಕೂಸನ್ನು ಎತ್ತಿಕೊಂಡು ಸಮುದ್ರಕ್ಕೆ ಇಳಿಯುತ್ತಾಳೇನು?’ ಇದಕ್ಕೆ ಉತ್ತರ ಸುರಪುರ ಸೀಮೆಯಲ್ಲೇ ಇದೆ. ನೀಲಕಂಠರಾಯನಗಡ್ಡಿ ಕೃಷ್ಣೆಯ ನಡುವಿನ ಊರು. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಸುತ್ತಲ ಸಂಪರ್ಕ ಕಡಿದುಹೋಗುತ್ತಿತ್ತು. 2014ರ ಮಳೆಗಾಲದಲ್ಲಿ ಅಲ್ಲಿನ ತುಂಬು ಗರ್ಭಿಣಿಯೊಬ್ಬಳು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಜೊತೆ ತುಂಬಿದ ಹೊಳೆಯನ್ನು ಈಜಿ ದಾಟಿದಳು. ಹೆರಿಗೆಗೆ ಆಸ್ಪತ್ರೆ ಬೇಕಿತ್ತು, ಗಡ್ಡಿಯಲ್ಲಿ ಅದಿರಲಿಲ್ಲ. ಅಂದು ಆಕೆಗೆ ಬುದ್ಧಿಯಿಲ್ಲ ಎಂದವರುಂಟೇ? ಸೇತುವೆ ಏಕಿಲ್ಲ ಎಂದೇ ಎಲ್ಲರೂ ಕೇಳಿದೆವು, ಸರಿಯಾಗಿಯೇ ಕೇಳಿದೆವು. ಮೆಡಿಟರೇನಿಯನ್ ದಾಟುವ ತಾಯಿಯ ವಿಷಯದಲ್ಲೂ ಕೇಳಬೇಕಾದ್ದು ಅದನ್ನೇ: ವೀಸಾ ಪಡೆದು ವಿಮಾನವೇರುವ ದಾರಿ ಆಕೆಗೆ ಏಕೆ ಮುಚ್ಚಿದೆ? 2016ರೊಂದರಲ್ಲೇ ಆ ಸಮುದ್ರದಲ್ಲಿ 5,000ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಅಷ್ಟು ಜನರಿಗೂ ಬುದ್ಧಿ ಕೆಟ್ಟಿತ್ತು ಎನ್ನುವುದು ವಾದವಲ್ಲ, ಕ್ರೌರ್ಯ.

‘ಒಮ್ಮೆ ಬಂದವರು ಹೋಗುವುದಿಲ್ಲ’ ಎಂಬ ಭಯಕ್ಕೂ ಉತ್ತರ ದೂರದಲ್ಲಿಲ್ಲ. ಪಕ್ಕದ ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳಿಗೆ ಹೋಗಿ ನೋಡಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ಅಲ್ಲಿ ಭತ್ತ ಬೆಳೆದಿವೆ, ಮಕ್ಕಳು ಕನ್ನಡ ಕಲಿತಿದ್ದಾರೆ. ಹೌದು, ಅವರು ಹೋಗಲಿಲ್ಲ. ಅದರಿಂದ ಸಿಂಧನೂರು ಹಾಳಾಯಿತೇ? ಇನ್ನು ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಿಗೆ ಬಂದ ತಮಿಳರು ಸಮುದ್ರವನ್ನೇ ದಾಟಿ ಬಂದವರು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ನಂತರ ತಲೈಮನ್ನಾರಿನಿಂದ ಹಡಗಿನಲ್ಲಿ ರಾಮೇಶ್ವರಕ್ಕೆ ಬಂದಿಳಿದ ಸಿಲೋನಿನ ತೋಟ ಕಾರ್ಮಿಕರ ಕುಟುಂಬಗಳವು. ಎರಡು ಸರ್ಕಾರಗಳು ಕೂತು ಮಾತಾಡಿದ್ದರಿಂದ ಅವರಿಗೆ ಹಡಗಿನ ಟಿಕೆಟ್ಟು ಸಿಕ್ಕಿತು. ಮಾತುಕತೆಯೇ ಇಲ್ಲದ ಕಡೆ ದೋಣಿ ಮುಳುಗುತ್ತದೆ.

ಚಿತ್ರ ನಿಧಾನ, ಅರ್ಧ ಭಾಗ ದ್ವೀಪದ ಹುಡುಗನೊಬ್ಬನ ಆಟವೇ ಎಂಬುದೂ ಒಂದು ದೂರು. ನಿಜ, ಕವಲುಕೋಲಿಗೆ ರಬ್ಬರು ಕಟ್ಟಿ ಗುರಿಯಿಡುವ ಆ ಹುಡುಗ ನಿರಾಶ್ರಿತರನ್ನು ಒಮ್ಮೆಯೂ ಭೇಟಿಯಾಗುವುದಿಲ್ಲ. ಅವನಿಗೆ ಒಂದು ಕಣ್ಣು ಮಂದ. ಅದು ಕೆಲಸ ಮಾಡಲೆಂದು ವೈದ್ಯರು ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿಸುತ್ತಾರೆ. ಒಂದೇ ದ್ವೀಪದಲ್ಲಿ ಎರಡು ಬದುಕು ಹೀಗೆ ಮುಖಾಮುಖಿಯಾಗದೆ ಸಾಗುವುದನ್ನು ನಿರೂಪಕನ ಒಂದು ಮಾತಿಲ್ಲದೆ ರೋಸಿ ತೋರಿಸಿದ್ದಾರೆ. ಬೆಂಗಳೂರಿನ ಅಪಾರ್ಟ್‌ಮೆಂಟು, ಅದರ ಪಕ್ಕದ ತಗಡಿನ ಶೆಡ್ಡು ಎರಡನ್ನೂ ಕಂಡ ನಮ್ಮ ಹುಡುಗರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಭಾಷೆಯ ತೊಡಕು ದೊಡ್ಡದಲ್ಲ. ಮಾತು ಕಡಿಮೆ; ಇರುವಷ್ಟನ್ನು ಒಬ್ಬ ಮೇಷ್ಟ್ರು ಮೊದಲೇ ಕನ್ನಡದಲ್ಲಿ ಬರೆದು ಹಂಚಬಹುದು. ಮೂರೂ ಊರುಗಳಲ್ಲಿ ಒಂದೊಂದು ಪ್ರದರ್ಶನ ಇಡೋಣ. ಆಕ್ಷೇಪಿಸಿದವರು ತಪ್ಪದೆ ಬರಲಿ. ಗುಳೆಯ ಪ್ರಶ್ನೆಯನ್ನು ಚಿತ್ರ ಮುಗಿದ ಕೂಡಲೇ, ಗುಳೆ ಹೋಗಿ ಬಂದವರನ್ನು ಕೂರಿಸಿಕೊಂಡು ಅಲ್ಲಿಯೇ ಎತ್ತಲಿ.