ನಾಲ್ಕು ತಾಲ್ಲೂಕು, ಒಂದೇ ನಕ್ಷೆ

ಬಾಗಲಕೋಟೆ ಜಿಲ್ಲೆ ವಿಜಯಪುರದಿಂದ ಬೇರೆಯಾಗಿದ್ದು 1997ರಲ್ಲಿ. ಅಂದಿನಿಂದ ಈವರೆಗೆ ಜಮಖಂಡಿ, ಮುಧೋಳ, ಬೀಳಗಿ ಹಾಗೂ ತಡವಾಗಿ ತಾಲ್ಲೂಕಾದ ರಬಕವಿ-ಬನಹಟ್ಟಿಯಲ್ಲಿ ಬಡವರ ಮನೆಗೆಂದು ಬಂದುಹೋದ ಯೋಜನೆಗಳು ಹಲವು. ಆಶ್ರಯ, ಇಂದಿರಾ ಆವಾಸ್, ಅಂಬೇಡ್ಕರ್ ನಿವಾಸ, ಬಸವ ವಸತಿ, ದೇವರಾಜ ಅರಸು ವಸತಿ, ಪ್ರಧಾನಮಂತ್ರಿ ಆವಾಸ್ ಹೀಗೆ ಹೆಸರುಗಳು ಬದಲಾಗುತ್ತ ಬಂದವು. ಇವುಗಳ ಜೊತೆಗೆ ಆಲಮಟ್ಟಿ ಹಿನ್ನೀರಿನಿಂದಾಗಿ ಎದ್ದ ಪುನರ್ವಸತಿ ಕೇಂದ್ರಗಳು, ನೆರೆ ಬಂದಾಗಲೆಲ್ಲ ಮಂಜೂರಾದ ಪರಿಹಾರದ ಮನೆಗಳು, ನೇಕಾರರ ಕಾಲೊನಿಗಳು. ಇಷ್ಟೆಲ್ಲದರಿಂದ ಗುಡಿಸಲು ಬಿಟ್ಟು ಗಟ್ಟಿ ಗೋಡೆಯೊಳಗೆ ಬಂದ ಕುಟುಂಬಗಳು ಕಡಿಮೆಯೇನಲ್ಲ. ಅದನ್ನು ಅಲ್ಲಗಳೆದರೆ ಅನ್ಯಾಯವಾದೀತು. ಆದರೂ, ಆ ಮನೆ ಬಡವನ ಕೈಗೆಟುಕುವ ಖರ್ಚಿನಲ್ಲಿ ಮುಗಿಯಿತೇ, ಬಿಸಿಲಿಗೂ ಮಳೆಗೂ ಬಾಳಿತೇ, ಒಳಗಿರುವವರ ದುಡಿಮೆಗೆ ಒದಗಿತೇ ಎಂದು ಕೇಳಿದರೆ ಸಿಗುವ ಉತ್ತರ ಸಮಾಧಾನ ತರುವುದಿಲ್ಲ. ನೇಕಾರ, ಹೊಳೆದಂಡೆಯ ರೈತ, ಮುಳುಗಡೆಯ ಸಂತ್ರಸ್ತ, ಕಬ್ಬು ಕಡಿಯುವ ಕೂಲಿ ಎಲ್ಲರಿಗೂ ನಾವು ಒಂದೇ ನಕ್ಷೆಯ ಮನೆ ಕೊಡುತ್ತ ಬಂದಿದ್ದೇವೆ. ಸೋಲಿನ ಬೇರು ಇರುವುದು ಅಲ್ಲಿ.

ಮುಳುಗಡೆ ಕಲಿಸಿದ್ದು

ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರಲ್ಲಿ. 519.6 ಮೀಟರಿನವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ ಒಪ್ಪಿದ್ದು 2000ದಲ್ಲಿ. ನಡುವಿನ ಮೂವತ್ತಾರು ವರ್ಷ ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಊರುಗಳು ಇಂದೋ ನಾಳೆಯೋ ಎಂಬಂತೆ ಬದುಕಿದವು. ಮುಳುಗುವ ಊರೆಂದು ಗೊತ್ತಾದ ಮೇಲೆ ಮಾಳಿಗೆಗೆ ಹೊಸ ಮಣ್ಣು ಹಾಕಿಸುವ, ಗೋಡೆ ಎತ್ತರಿಸುವ ಉಮೇದು ಯಾರಿಗೆ ಉಳಿದೀತು? ಹೀಗೆ ಕಾಯುತ್ತ ಕಾಯುತ್ತ ಸೊರಗಿದ ಮನೆಗೆ ಹಳೆಯದೆಂದು ಸವಕಳಿ ಕಳೆದು ಬೆಲೆ ಕಟ್ಟಿದಾಗ, ಆ ಹಣದಲ್ಲಿ ಹೊಸ ಮನೆ ಏಳುವುದು ಕಷ್ಟವಾಯಿತು. ಪುನರ್ವಸತಿ ಸರಿಯಾಗುತ್ತಿಲ್ಲ ಎಂಬ ಕಾರಣಕ್ಕೆ 1990ರ ದಶಕದಲ್ಲಿ ವಿಶ್ವಬ್ಯಾಂಕು ಯೋಜನೆಯ ಸಾಲದ ಬಿಡುಗಡೆಯನ್ನೇ ತಡೆಹಿಡಿದಿತ್ತು.

ಪಟ್ಟಣದ ಸಂತ್ರಸ್ತರಿಗಾಗಿ ಬಾಗಲಕೋಟೆಯಲ್ಲಿ ನವನಗರ ಎದ್ದಿತು. ಅದರ ಯೋಜನೆಗೆ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರನ್ನು ಕರೆಸಲಾಗಿತ್ತು. ಹಳ್ಳಿಗಳ ಪಾಲಿಗೆ ಅಂಥ ಯೋಚನೆ ಒದಗಲಿಲ್ಲ. ಗಲಗಲಿ, ಕೊರ್ತಿ, ಹೆರಕಲ್, ಅನಗವಾಡಿಗಳ ಕಡೆ ಎದ್ದ ಪುನರ್ವಸತಿ ಕೇಂದ್ರಗಳಲ್ಲಿ ನೇರ ರಸ್ತೆ ಬಂತು, ಸಾಲು ನಿವೇಶನ ಬಂತು, ಶಾಲೆ ಬಂತು. ದನ ಕಟ್ಟುವ ದಂದಕ್ಕಿಗೆ, ಕಣಕ್ಕೆ, ಮೇವಿನ ಬಣವಿಗೆ, ತಿಪ್ಪೆಗೆ ಜಾಗ ಬಿಡಬೇಕೆಂದು ನಕ್ಷೆ ಬರೆದವರಿಗೆ ಹೊಳೆಯಲಿಲ್ಲ. ರೈತನ ಮನೆಯಲ್ಲಿ ಮಲಗುವ ಕೋಣೆಗಿಂತ ಇವೇ ದೊಡ್ಡವು. ಎಮ್ಮೆ ಕಟ್ಟಲು ಎಡೆಯಿಲ್ಲದೆ ಎಮ್ಮೆ ಮಾರಿದ ಮನೆಗೆ ಹಾಲಿನ ಆದಾಯವೂ ಹೋಯಿತು, ಹೊಲಕ್ಕೆ ಗೊಬ್ಬರವೂ ಹೋಯಿತು.

ಈಗ ಆಲಮಟ್ಟಿಯಲ್ಲಿ ಇನ್ನೂ ಎತ್ತರಕ್ಕೆ ನೀರು ನಿಲ್ಲಿಸುವ ಮೂರನೇ ಹಂತದ ಸರದಿ. ಕೃಷ್ಣಾ ಎರಡನೇ ನ್ಯಾಯಮಂಡಳಿ 524.256 ಮೀಟರ್ ಎತ್ತರಕ್ಕೆ 2010ರಲ್ಲೇ ಅನುಮತಿ ಕೊಟ್ಟಿದೆ. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಕೊಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿದೆ. ಹೊಲದ ದರದ ಬಗ್ಗೆ ನಡೆದಷ್ಟು ಚರ್ಚೆ ಹೊಸ ಊರಿನ ಮನೆ ಹೇಗಿರಬೇಕು ಎಂಬುದರ ಬಗ್ಗೆ ನಡೆದಿಲ್ಲ. ಹೊಲವಿಲ್ಲದ ಕೂಲಿಗೆ, ಬಡಿಗನಿಗೆ, ಮೀನು ಹಿಡಿಯುವವನಿಗೆ ಎಕರೆಯ ದರದಿಂದ ದಕ್ಕುವುದೇನೂ ಇಲ್ಲ. ಅವನಿಗೆ ಸಿಗುವುದು ಮನೆ ಮಾತ್ರ.

ನೆರೆ, ಎರೆ ಮತ್ತು ಉತಾರ

ಜಮಖಂಡಿಗೆ ಕೃಷ್ಣೆ, ಮುಧೋಳಕ್ಕೆ ಘಟಪ್ರಭೆ. ಕೊಯ್ನಾ ತುಂಬಿದರೆ ಅಲ್ಲಿ ಆತಂಕ, ಹಿಡಕಲ್ ತುಂಬಿದರೆ ಇಲ್ಲಿ. 2005, 2009, 2019, 2021, 2024 ಹೀಗೆ ನೆರೆಯ ವರ್ಷಗಳು ಹತ್ತಿರ ಹತ್ತಿರ ಬರುತ್ತಿವೆ. ಢವಳೇಶ್ವರ, ನಂದಗಾಂವ, ಮಿರ್ಜಿ, ಮುತ್ತೂರ, ತುಬಚಿಯಂಥ ಊರಿನವರಿಗೆ ಗಂಟುಮೂಟೆ ಕಟ್ಟಿ ದನಗಳ ಜೊತೆ ಕಾಳಜಿ ಕೇಂದ್ರಕ್ಕೆ ಹೋಗುವುದು ಮಳೆಗಾಲದ ಒಂದು ಕೆಲಸವೇ ಆಗಿಬಿಟ್ಟಿದೆ.

2019ರಲ್ಲಿ ಸರ್ಕಾರ ಕೈ ಬಿಗಿ ಹಿಡಿಯಲಿಲ್ಲ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಮಣ್ಣಿನ ಗೋಡೆಯ ಸ್ವಭಾವ ಈ ವಿಂಗಡಣೆಗೆ ಹೊಂದಲಿಲ್ಲ. ನೀರು ಕುಡಿದ ಗೋಡೆ ನೀರು ಇಳಿದ ದಿನ ನಿಂತೇ ಇರುತ್ತದೆ, ಒಣಗುತ್ತ ಬಂದಂತೆ ಬಿರುಕು ಬಿಟ್ಟು ವಾರ ಕಳೆದ ಮೇಲೆ ಕುಸಿಯುತ್ತದೆ. ಸಮೀಕ್ಷೆಗೆ ಬಂದವರು ಮೊದಲ ವಾರವೇ ಬರೆದುಕೊಂಡು ಹೋದರೆ ಅದು ಕಡಿಮೆ ಹಾನಿಯ ಸಿ ವರ್ಗಕ್ಕೆ ಸೇರಿ 50 ಸಾವಿರಕ್ಕೆ ನಿಲ್ಲುತ್ತಿತ್ತು. ಇನ್ನೊಂದು ತೊಡಕು ಉತಾರದ್ದು, ಅಂದರೆ ಮನೆಯ ಹಕ್ಕಿನ ದಾಖಲೆಯದ್ದು. ಅಜ್ಜನ ಹೆಸರಿನ ಒಂದೇ ಉತಾರದಲ್ಲಿ ಮೂವರು ಅಣ್ಣತಮ್ಮಂದಿರ ಮೂರು ಒಲೆ ಉರಿಯುತ್ತಿರುತ್ತವೆ. ಕಾಗದದ ಪ್ರಕಾರ ಅದು ಒಂದೇ ಮನೆ, ಪರಿಹಾರವೂ ಒಂದೇ.

ಊರನ್ನೇ ಎತ್ತರಕ್ಕೆ ಒಯ್ಯುವ ಯತ್ನವೂ ಆಯಿತು. 2009ರ ನೆರೆಯ ನಂತರ ದಾನಿಗಳ ನೆರವಿನಿಂದ ಜಿಲ್ಲೆಯಲ್ಲಿ ಆಸರೆ ಮನೆಗಳು ಎದ್ದವು. ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆಯಾದಾಗ ಎಷ್ಟೋ ಮನೆಗಳಿಗೆ ಬೀಗ ಬಿತ್ತು, ಜನ ಹಳೆಯ ಊರಿಗೇ ಮರಳಿದರು. ಅವರನ್ನು ಹಟಮಾರಿಗಳೆಂದು ದೂರುವುದು ಸುಲಭ. ಬೆಳಗಿನ ಜಾವ ಪಂಪಿಗೆ ಕರೆಂಟು ಬಂದಾಗ ಹೊಲದಲ್ಲಿರಬೇಕಾದವನು ಎಲ್ಲಿ ವಾಸ ಮಾಡಬೇಕು ಎಂದು ಯಾರೂ ಅವರನ್ನು ಕೇಳಿರಲಿಲ್ಲ.

ಮಣ್ಣಿನ ಮಾತೂ ಇದೆ. ಹೊಳೆದಂಡೆಯ ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಎರಡಡಿ ತಳಪಾಯದ ಇಟ್ಟಂಗಿ ಗೋಡೆ ನಿಲ್ಲಿಸಿದರೆ ಕೆಲವೇ ವರ್ಷಗಳಲ್ಲಿ ಮೂಲೆಯಿಂದ ಮೂಲೆಗೆ ಸೀಳುತ್ತದೆ. ಗರಸು ಸಿಗುವವರೆಗೆ ಅಗೆಯಬೇಕು, ಇಲ್ಲವೇ ಎರೆ ತೆಗೆದು ಗರಸು ತುಂಬಿ ಬಡಿದು ಗಟ್ಟಿ ಮಾಡಬೇಕು. ಇದು ಊರಿನ ಪ್ರತಿ ಗೌಂಡಿಗೂ ಗೊತ್ತು. ಮಸಾರಿ ನೆಲಕ್ಕೂ ಎರೆ ನೆಲಕ್ಕೂ ಒಂದೇ ಮೊತ್ತ ಕೊಡುವ ಯೋಜನೆಗೆ ಮಾತ್ರ ಇದು ಗೊತ್ತಿಲ್ಲ. ಬಯಲು ಸೀಮೆಯಲ್ಲಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಕೊಡುವುದು 1.20 ಲಕ್ಷ ರೂಪಾಯಿ, ಜೊತೆಗೆ ಉದ್ಯೋಗ ಖಾತ್ರಿಯ 90 ದಿನಗಳ ಕೂಲಿ. 2016ರಲ್ಲಿ ನಿಗದಿಯಾದ ಈ ಮೊತ್ತವನ್ನು 2024ರಲ್ಲಿ ಯೋಜನೆ ಮುಂದುವರಿಸಿದಾಗಲೂ ಏರಿಸಲಿಲ್ಲ. ಸಿಮೆಂಟು, ಕಬ್ಬಿಣ, ಉಸುಕಿನ ದರ ಆಗ ಇದ್ದಲ್ಲೇ ನಿಂತಿಲ್ಲ. ಎರೆ ನೆಲದಲ್ಲಿ ಆ ಹಣದ ದೊಡ್ಡ ಪಾಲು ನೆಲದೊಳಗೇ ಕರಗಿಹೋಗುತ್ತದೆ.

ಹಣ ಬರುವ ಬಗೆಯೂ ಬಡವನಿಗೆ ಭಾರ. ತಳಪಾಯದ ಫೋಟೊ, ಲಿಂಟಲ್ ಫೋಟೊ, ಛಾವಣಿಯ ಫೋಟೊ ಜಿಪಿಎಸ್‌ನಲ್ಲಿ ಏರಿದ ಮೇಲೆ ಕಂತು ಇಳಿಯುತ್ತದೆ. ಮೊದಲು ಕೈಯಿಂದ ಹಾಕಬೇಕು, ಆಮೇಲೆ ಪಡೆಯಬೇಕು. ಕೈಯಲ್ಲಿ ಇಲ್ಲದವನು ಬಡ್ಡಿಗೆ ತರುತ್ತಾನೆ. ಅದೂ ಹುಟ್ಟದಿದ್ದರೆ ಲಿಂಟಲ್ ಮಟ್ಟಕ್ಕೆ ನಿಂತ ಗೋಡೆಯ ಮೇಲೆ ತಗಡು ಹೊದಿಸಿ, ಗಾಳಿಗೆ ಹಾರದಂತೆ ಕಲ್ಲು ಹೇರಿ ಒಳಗೆ ಸೇರಿಕೊಳ್ಳುತ್ತಾನೆ. ಅಂಥ ಮನೆಗಳನ್ನು ಈ ನಾಲ್ಕೂ ತಾಲ್ಲೂಕುಗಳಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಮಗ್ಗವಿಲ್ಲದ ನೇಕಾರನ ಮನೆ

ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರಗಳಲ್ಲಿ ಮನೆಯೆಂದರೆ ದುಡಿಮೆಯ ಜಾಗ. ಗಂಡ ಮಗ್ಗದ ಮೇಲೆ ಕುಳಿತರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ, ಶಾಲೆಯಿಂದ ಬಂದ ಮಕ್ಕಳು ತುಂಡಾದ ಎಳೆ ಜೋಡಿಸಲು ಕೈ ಕೊಡುತ್ತಾರೆ. ಇದಕ್ಕೆ ತಕ್ಕ ಮನೆಯನ್ನು ಹಿಂದಿನವರು ಬಹಳ ತಿಳಿದು ಕಟ್ಟಿದ್ದರು. ಮಣ್ಣಿನ ದಪ್ಪ ಗೋಡೆ, ಜಂತಿಯ ಮೇಲೆ ಕರ್ಲು ಮಣ್ಣು ಹಾಕಿದ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ, ಕೆಳಗೆ ಕುಣಿ ತೋಡಿ ಕೂಡಿಸಿದ ಮಗ್ಗ. ಬೆಳಕಿಂಡಿಯಿಂದ ಇಳಿದ ಬೆಳಕು ನೇರವಾಗಿ ಹಾಸಿನ ಮೇಲೆ ಬೀಳುತ್ತಿತ್ತು. ಕುಣಿಯ ನೆಲದಿಂದ ಏಳುವ ತಂಪು ಎಳೆಯಲ್ಲಿ ಪಸೆ ಉಳಿಸುತ್ತಿತ್ತು. ಹತ್ತಿ ನೂಲಿನ ಪಸೆ ಆರಿದರೆ ಎಳೆ ಮೇಲಿಂದ ಮೇಲೆ ತುಂಡಾಗುತ್ತದೆ, ತುಂಡಾದಷ್ಟೂ ಕೂಲಿ ಕಡಿಮೆ. ಇಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತಗಡಿನ ಸೂರಿನ ಕೆಳಗೆ ಮಧ್ಯಾಹ್ನ ನೂಲೂ ನಿಲ್ಲುವುದಿಲ್ಲ, ನೇಕಾರನೂ ಕೂಡುವುದಿಲ್ಲ.

ವಸತಿ ಯೋಜನೆಯ ಮನೆಗೆ 25 ಚದರ ಮೀಟರ್ ಅಳತೆ. ಅಡಿಗೆಗೆ ಜಾಗ ಬಿಟ್ಟು ಮಗ್ಗ ಕೂಡಿಸಿದರೆ ಮಲಗಲು ನೆಲ ಉಳಿಯದು. ವಿದ್ಯುತ್ ಮಗ್ಗವಾದರೆ ಅದರ ಅದುರಾಟಕ್ಕೆ ತೆಳು ಗೋಡೆ ಬಿರುಕು ಬಿಡುತ್ತದೆ. ಹೀಗಾಗಬಾರದೆಂದೇ 1980ರ ದಶಕದಲ್ಲಿ ಮನೆ ಮತ್ತು ಮಗ್ಗದ ಶೆಡ್ಡನ್ನು ಕೂಡಿಸಿ ಕಟ್ಟುವ ಯೋಜನೆಯನ್ನು ಕೇಂದ್ರ ಸರ್ಕಾರ ತಂದಿತ್ತು. 1975ರಲ್ಲಿ ಹುಟ್ಟಿದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಹೆಸರಿನ ಕಾಲೊನಿಗಳೂ ಇಲ್ಲಿ ಎದ್ದವು. ನಾಲ್ಕೂ ತಾಲ್ಲೂಕುಗಳಲ್ಲಿ ಕಸುಬನ್ನು ನೋಡಿ ಮನೆ ಕಟ್ಟಿದ ಒಳ್ಳೆಯ ಉದಾಹರಣೆ ಇದೇ. ಆದರೆ ತಮ್ಮ ಬದುಕೆಲ್ಲ ಕಳೆದ ಆ ಮನೆಗಳ ಹಕ್ಕುಪತ್ರ ತಮ್ಮ ಹೆಸರಿಗೆ ಆಗಬೇಕೆಂದು ಅಲ್ಲಿನ ನೇಕಾರರು ಕೇಳುತ್ತಲೇ ಬಂದಿದ್ದಾರೆ. ಉತಾರವಿಲ್ಲದ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಸಾಲ ಸಿಗದ ಮನೆ ಸೋರಿದರೂ ರಿಪೇರಿಯಾಗುವುದಿಲ್ಲ.

ನೀರು ಬಂತು, ನಿವೇಶನ ಹೋಯಿತು

ಕಬ್ಬು ಈ ಭಾಗಕ್ಕೆ ಹಣ ತಂದಿದೆ. ಸಮೀರವಾಡಿ, ಹಿರೇಪಡಸಲಗಿ, ಬಾಡಗಂಡಿ, ಮುಧೋಳದ ಕಾರ್ಖಾನೆಗಳ ಚಿಮಣಿ ಹೊಗೆಯಾಡಿದರೆ ಊರಿನ ಸಂತೆಯೂ ತುಂಬುತ್ತದೆ. ಇದೇ ನೀರಾವರಿ ಊರ ಅಂಚಿನ ಹೊಲದ ಬೆಲೆಯನ್ನು ಕೈಗೆಟುಕದಷ್ಟು ಏರಿಸಿದೆ. ಆಶ್ರಯ ನಿವೇಶನಕ್ಕೆ ಜಾಗ ಕೇಳಿದರೆ ಪಂಚಾಯಿತಿಯವರು ಗಾಯರಾಣ, ಅಂದರೆ ಊರಿನ ಗೋಮಾಳ, ಮುಗಿದಿದೆ ಎನ್ನುತ್ತಾರೆ. ಉಳಿದಿದ್ದರೆ ಅದು ಹಳ್ಳದ ದಂಡೆಯ ತಗ್ಗು. ದಲಿತ ಕೇರಿಗಳು ಎಷ್ಟೋ ಕಡೆ ಆ ತಗ್ಗಿನಲ್ಲೇ ಇವೆ, ನೆರೆ ಬಂದಾಗ ಮೊದಲು ಮುಳುಗುವುದೂ ಅವೇ. ತೋಟದ ವಸ್ತಿಯಲ್ಲಿ ಇರುವವರ ಕಥೆ ಬೇರೆ. ಜಮೀನು ಸ್ವಂತದ್ದಾದರೂ ಅದು ಊರ ಠಾಣದ ಹೊರಗಿರುವುದರಿಂದ ಇ-ಸ್ವತ್ತು ದಾಖಲೆ ಸಿಗುವುದು ಕಷ್ಟ, ಅದಿಲ್ಲದೆ ಮನೆಯ ಅರ್ಜಿ ಮುಂದೆ ಸಾಗುವುದೂ ಕಷ್ಟ.

ಯಾವ ಪಟ್ಟಿಗೂ ಸೇರದವರು ಕಬ್ಬು ಕಡಿಯುವ ಗ್ಯಾಂಗಿನವರು. ಹಂಗಾಮಿನಲ್ಲಿ ಬೀಡ್ ಕಡೆಯಿಂದ, ವಿಜಯಪುರದ ತಾಂಡಾಗಳಿಂದ ಬಂದು ರವದಿಯ ಗುಡಿಸಲಿನಲ್ಲಿ ಐದಾರು ತಿಂಗಳು ಕಳೆಯುತ್ತಾರೆ. ಒಲೆಯ ಒಂದು ಕಿಡಿ ಹಾರಿದರೆ ಸಾಲು ಗುಡಿಸಲು ಉರಿದುಹೋಗುತ್ತವೆ. ಇವರಿಗೆ ಬೇಕಾದದ್ದು ಸ್ವಂತ ಮನೆಯಲ್ಲ, ಹಂಗಾಮಿನ ಮಟ್ಟಿಗೆ ನೀರು, ಶೌಚಾಲಯ, ಬೆಂಕಿಗೆ ಅಂಜದ ಒಂದು ಸೂರು. ಅದನ್ನು ಕಟ್ಟಿಸಿ ನಡೆಸುವ ಹೊಣೆ ಕಾರ್ಖಾನೆಗಳದ್ದು. ಆ ಹೊಣೆಯನ್ನು ನೆನಪಿಸುವ ಹೊಣೆ ಜಿಲ್ಲಾಡಳಿತದ್ದು.

ಕೈಯಲ್ಲಿರುವ ಸಾಧನ

ಕಡಿಮೆ ಖರ್ಚಿನಲ್ಲಿ ಬಾಳುವ ಮನೆಗೆ ಬೇಕಾದ ಸಾಮಾನು ಇಲ್ಲೇ ಇದೆ. ಲೋಕಾಪುರದ ಸುತ್ತ ಸುಣ್ಣದಕಲ್ಲಿನ ಪದರಗಳಿವೆ. ಗಣಿಗಳ ಪಕ್ಕ ಬಿದ್ದಿರುವ ಚೂರುಕಲ್ಲಿನಿಂದ ತಳಪಾಯ ತುಂಬಬಹುದು, ಗೋಡೆ ಏಳಿಸಬಹುದು. ಸುಣ್ಣದ ಗಚ್ಚಿನಲ್ಲಿ ಕಟ್ಟಿದ ವಾಡೆ, ಬಾವಿಗಳು ಜಮಖಂಡಿ, ಬೀಳಗಿಗಳಲ್ಲಿ ಇನ್ನೂ ಗಟ್ಟಿಯಾಗಿ ನಿಂತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಶೇ 7-8ರಷ್ಟು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಭಟ್ಟಿಯಲ್ಲಿ ಸುಡದೆಯೇ ಗಟ್ಟಿ ಇಟ್ಟಂಗಿ ಮಾಡುವ ವಿಧಾನ ರೂಪಿಸಿದರು. ಮಸಾರಿ ಮಣ್ಣಿರುವ ಊರುಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಎರೆ ಮಣ್ಣಿಗೆ ಸುಣ್ಣ ಬೆರೆಸಬೇಕು, ಹೆಚ್ಚಿನ ಎಚ್ಚರವೂ ಬೇಕು. ಇಂಥ ತಂತ್ರಗಳನ್ನು ಹಳ್ಳಿಗೆ ಮುಟ್ಟಿಸಲೆಂದೇ ಹುಟ್ಟಿದ ನಿರ್ಮಿತಿ ಕೇಂದ್ರಗಳು ಸರ್ಕಾರಿ ಕಟ್ಟಡಗಳ ಕಾಮಗಾರಿಯಲ್ಲೇ ಮುಳುಗಿವೆ. ಗೌಂಡಿಗಳಿಗೆ ತರಬೇತಿ ಕೊಡುವ ಮೂಲ ಕೆಲಸ ಹಿಂದೆ ಬಿದ್ದಿದೆ.

ಜನ ಇದನ್ನು ಒಪ್ಪಲಿಕ್ಕಿಲ್ಲ ಎಂಬ ಅಳುಕು ಬೇಡ. ಮಣ್ಣಿನ ಮನೆಯೆಂದರೆ ಬಡತನ, ಸ್ಲ್ಯಾಬ್ ಎಂದರೆ ಮರ್ಯಾದೆ ಎಂಬ ಭಾವನೆ ಬೇರೂರಿರುವುದು ನಿಜ. ಮಾಳಿಗೆಗೆ ವರ್ಷಾವರ್ಷ ಮಣ್ಣು ಹಾಕಿ ಸೋತವರ ಅನುಭವ ಅದರ ಹಿಂದಿದೆ, ಅದನ್ನು ಗೌರವಿಸಬೇಕು. ಒತ್ತಿದ ಮಣ್ಣಿನ ಗೋಡೆಯ ಮೇಲೆ ಸ್ಲ್ಯಾಬನ್ನೇ ಹಾಕಲಿ. ಪಂಚಾಯಿತಿ ಕಚೇರಿಯನ್ನೋ ಅಂಗನವಾಡಿಯನ್ನೋ ಮೊದಲು ಹಾಗೆ ಕಟ್ಟಿ ತೋರಿಸಿದರೆ ಊರವರಿಗೆ ನಂಬಿಕೆ ಬರುತ್ತದೆ. ಈ ನೆಲದ ಜನಕ್ಕೆ ಕೂಡಿ ಕಟ್ಟುವುದು ಹೊಸದೂ ಅಲ್ಲ. ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ಜಮಖಂಡಿ ಸೀಮೆಯ ರೈತರು ಚಂದಾ ಎತ್ತಿ, ಶ್ರಮದಾನ ಮಾಡಿ, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದು 1989ರಲ್ಲಿ. ಹೊಳೆಗೇ ಒಡ್ಡು ಹಾಕಿದವರಿಗೆ ಮನೆಗಳ ಸಹಕಾರ ಸಂಘ ಕಟ್ಟುವುದು ದೊಡ್ಡ ಮಾತಲ್ಲ.

ಹಾಗಾದರೆ ಆಗಬೇಕಾದದ್ದೇನು? ಮೊದಲು ಕಾಗದ: ವಾಸವಿರುವ ಪ್ರತಿ ಒಲೆಗೂ ಪ್ರತ್ಯೇಕ ಉತಾರ, ನೇಕಾರರ ಕಾಲೊನಿಗಳಿಗೆ ಹಕ್ಕುಪತ್ರ. ಎರಡನೆಯದು, ಎರೆ ನೆಲದ ತಳಪಾಯಕ್ಕೆ ಹೆಚ್ಚುವರಿ ಹಣ, ಮೊದಲ ಕಂತು ಕೆಲಸ ಶುರುವಾಗುವ ಮುನ್ನವೇ. ಮೂರನೆಯದು, ಕಸುಬಿಗೆ ತಕ್ಕ ನಾಲ್ಕೈದು ನಕ್ಷೆಗಳು, ಒಂದರಲ್ಲಿ ಮಗ್ಗಕ್ಕೆ ಜಾಗ, ಇನ್ನೊಂದರಲ್ಲಿ ದಂದಕ್ಕಿಗೆ. ನಾಲ್ಕನೆಯದು, ಆಲಮಟ್ಟಿ ಮೂರನೇ ಹಂತದ ಊರುಗಳ ನಕ್ಷೆಯನ್ನು ಆ ಊರಿನವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡೇ ಬರೆಯುವುದು. ಇವಾವುದಕ್ಕೂ ಹೊಸ ಕಾನೂನು ಬೇಕಾಗಿಲ್ಲ. ಇರುವ ಹಣವನ್ನು ನೆಲ ನೋಡಿ, ಕಸುಬು ನೋಡಿ ಹಂಚುವ ಮನಸ್ಸು ಬೇಕು. ಗ್ರಾಮಸಭೆಯಲ್ಲಿ ಫಲಾನುಭವಿಗಳ ಹೆಸರು ಓದಿದಾಗ ತಮ್ಮ ಹೆಸರು ಬಂತೇ ಎಂದು ಕೇಳಿ ಎದ್ದು ಹೋಗುವ ರೂಢಿಯನ್ನು ನಾವೆಲ್ಲ ಬಿಡಬೇಕು. ಯಾವ ನೆಲದಲ್ಲಿ, ಯಾವ ನಕ್ಷೆಯಲ್ಲಿ, ಯಾರ ಹೆಸರಿನಲ್ಲಿ ಎಂದು ಕೇಳಿ ನಡಾವಳಿಯಲ್ಲಿ ಬರೆಸಿಯೇ ಏಳಬೇಕು. ಮುಂದಿನ ಗ್ರಾಮಸಭೆಯಿಂದಲೇ ಇದು ಶುರುವಾಗಲಿ.