ಎಚ್.ಪಿ. ಕೇಳುವ ಮೊದಲು ಜಾಕೆಟ್ ಎಣಿಸಲಿ

ಕಡಲ ಕರೆಯಲ್ಲೇ ಹುಟ್ಟಿ ಬೆಳೆದ ಪೇಟೆಯವನಿಗೂ ಕಡಲೆಂದರೆ ಭಾನುವಾರ ಸಂಜೆ ಮರಳ ಮೇಲೆ ಕೂತು ಚರುಮುರಿ ತಿನ್ನುವ ಜಾಗ, ಅಷ್ಟೆ. ಆ ಕಾಲ ಈಗ ಮಗುಚುತ್ತಿದೆ. ಸ್ಕೂಟರು ಬಂತು, ಕಾರು ಬಂತು, ಇನ್ನು ಮೋಟಾರು ಬೋಟಿನ ಸರದಿ. ಮೂರು ನಾಲ್ಕು ಅಂಗಡಿಯವರು ಪಾಲು ಹಾಕಿ ಒಂದು ಬೋಟು ತೆಗೆದರೆ ಹೇಗೆ, ರಜೆಯಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಒಂದು ಸುತ್ತು ಹೋಗಿ ಬರಬಹುದಲ್ಲ ಎಂಬ ಮಾತು ಅಂಗಡಿ ಜಗಲಿಯಲ್ಲೂ ಬಸ್ಸಿನ ಸೀಟಿನಲ್ಲೂ ಕೇಳುತ್ತಿದೆ.

ಆಸೆಯಲ್ಲಿ ತಪ್ಪೇನಿಲ್ಲ. ಕಡಲು ಯಾರಪ್ಪನ ಸೊತ್ತೂ ಅಲ್ಲ. ತಪ್ಪಿರುವುದು ಮೊದಲ ಪ್ರಶ್ನೆಯಲ್ಲಿ. ಬೋಟು ನೋಡಲು ಹೋದವನು ಬಾಯಿ ತೆರೆದದ್ದೇ, "ಎಷ್ಟು ಎಚ್.ಪಿ. ಮಾರಾಯ್ರೆ?" ಎನ್ನುತ್ತಾನೆ. ಎಷ್ಟು ಜನ ಕೂರಬಹುದು, ಯಾವ ನೀರಿಗೆ ಹೋಗುವ ಬೋಟು, ಮಗುಚಿದರೆ ಮುಳುಗುತ್ತದೋ ತೇಲುತ್ತದೋ ಎಂದು ಕೇಳುವವರು ಬೆರಳೆಣಿಕೆಯಷ್ಟು.

ಯಾವ ನೀರು?

ಕರಾವಳಿಯಲ್ಲಿ ನೀರು ಎರಡು ಬಗೆ. ಅಳಿವೆಯಿಂದ ಒಳಗಿನದ್ದು, ಅಳಿವೆಯಿಂದ ಹೊರಗಿನದ್ದು. ಕೋಡಿ ಬೆಂಗ್ರೆಯಲ್ಲಿ ಸ್ವರ್ಣಾ ಸೀತಾ ನದಿಗಳು, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ, ಮಂಗಳೂರಿನಲ್ಲಿ ನೇತ್ರಾವತಿ ಫಲ್ಗುಣಿ ಕಡಲು ಸೇರುವ ಬಾಗಿಲುಗಳಿವೆ. ಇಳಿತದ ಹೊತ್ತಿಗೆ ಹೊಳೆಯ ನೀರು ಹೊರಕ್ಕೆ ನುಗ್ಗುತ್ತದೆ, ಕಡಲ ಅಲೆ ಒಳಕ್ಕೆ ಬರುತ್ತದೆ. ಎರಡೂ ಡಿಕ್ಕಿಯಾಗುವ ಆ ಬಾಗಿಲಲ್ಲಿ ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ ಸೆಳೆತ ಇನ್ನೂ ಜೋರು. ಕೆಳಗಿನ ಮರಳು ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ಹೋದ ವರ್ಷದ ದಾರಿ ಈ ವರ್ಷ ದಿಬ್ಬ. ಮೀನುಗಾರಿಕೆಯಲ್ಲೇ ತಲೆ ನರೆತವರೂ ಅಲ್ಲಿ ಹೊತ್ತು ನೋಡಿಯೇ ದಾಟುತ್ತಾರೆ. ನಿನ್ನೆ ಬೋಟು ಕೊಂಡ ಬಟ್ಟೆ ವ್ಯಾಪಾರಿಗೆ ಅಲ್ಲೇನು ಕೆಲಸ?

ಮೊದಲ ಬೋಟು ಕೊಳ್ಳುವವರು ಮೊದಲ ವರ್ಷ ಅಳಿವೆ ದಾಟುವುದೇ ಬೇಡ. ಒಳಗಿನ ಹಿನ್ನೀರು, ಕುದ್ರು, ಕಾಂಡ್ಲಾ ಕಾಡು ಸಂಸಾರದ ತಿರುಗಾಟಕ್ಕೆ ಧಾರಾಳ ಸಾಕು. ಇದನ್ನು ಒಪ್ಪಿದರೆ ಬೋಟಿನ ಆಯ್ಕೆ ಅರ್ಧ ಸುಲಭವಾಗುತ್ತದೆ, ಖರ್ಚೂ ಅರ್ಧ ಇಳಿಯುತ್ತದೆ.

ಒಡಲು ಮೊದಲು, ಇಂಜಿನು ಆಮೇಲೆ

ಐದಾರು ಜನರ ಸಂಸಾರಕ್ಕೆ ಹದಿನಾರರಿಂದ ಹದಿನೆಂಟು ಅಡಿಯ ಫೈಬರ್ ಬೋಟು ಸಾಕು. ತಳ ಚಪ್ಪಟೆಯಿದ್ದರೆ ಹೊಳೆಯಲ್ಲಿ ಅಲುಗಾಡುವುದಿಲ್ಲ, ಆದರೆ ಅಲೆಗೆ ಬಡಿದು ಸೊಂಟ ಮುರಿಯುತ್ತದೆ. ತಳ ಚೂಪಾಗಿದ್ದರೆ ಅಲೆ ಸೀಳುತ್ತದೆ, ನಿಂತ ನೀರಿನಲ್ಲಿ ತುಸು ತೂಗುತ್ತದೆ. ಎರಡರ ನಡುವಿನದ್ದು ಮೊದಲ ಬೋಟಿಗೆ ಲೇಸು. ಅಂಚು ಎತ್ತರವಿರಬೇಕು, ಮಗು ನಿಂತರೆ ಎದೆಮಟ್ಟ ಬರಬೇಕು. ಸೀಟಿನ ಅಡಿಯಲ್ಲಿ ಗಾಳಿ ಪೆಟ್ಟಿಗೆಯೋ ಫೋಮೋ ತುಂಬಿ, ನೀರು ತುಂಬಿದರೂ ಮುಳುಗದಂತೆ ಕಟ್ಟಿರಬೇಕು. ಮೇಲೆ ಇನ್ನೊಂದು ಅಟ್ಟ ಕಟ್ಟಿಸಿ ಅಲ್ಲಿ ಜನ ಕೂರಿಸುವ ಚಪಲ ಯಾರಿಗೂ ಬೇಡ. ಭಾರ ಮೇಲೇರಿದಷ್ಟೂ ಬೋಟು ಮಗುಚುವುದು ಸಲೀಸು.

ಹಳೆಯ ಬೋಟು ಕೊಳ್ಳುವುದಾದರೆ ಬಣ್ಣ ನೋಡಿ ಮರುಳಾಗಬಾರದು. ಇಂಜಿನು ಕೂರಿಸುವ ಹಿಂಬದಿಯ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಗಟ್ಟಿ ಸದ್ದು ಬಂದರೆ ಸರಿ. ಟೊಳ್ಳು ಸದ್ದು ಬಂದರೆ ಫೈಬರ್ ಒಳಗಿನ ಮರ ಕೊಳೆತಿದೆ ಎಂದರ್ಥ. ಇಂಜಿನು ಹಲಗೆ ಸಮೇತ ಕಳಚಿಕೊಳ್ಳುವುದು ಅಂಥ ಬೋಟಿನಲ್ಲೇ.

ಇನ್ನು ಎಚ್.ಪಿ. ಮಾತು. 25ರಿಂದ 40 ಎಚ್.ಪಿ. ಔಟ್‌ಬೋರ್ಡ್ ಇಂಥ ಬೋಟಿಗೆ ಬೇಕಾದಷ್ಟಾಯಿತು. ಫೋರ್ ಸ್ಟ್ರೋಕ್ ಇಂಜಿನು ದುಬಾರಿ, ಆದರೆ ಹೊಗೆ ಕಡಿಮೆ, ಕುಡಿಯುವುದೂ ಕಡಿಮೆ. ಅದೂ 40 ಎಚ್.ಪಿ. ಇಂಜಿನನ್ನು ಪೂರ್ತಿ ತಿರುಗಿಸಿದರೆ ಗಂಟೆಗೆ ಹದಿನಾಲ್ಕು ಹದಿನೈದು ಲೀಟರ್ ಪೆಟ್ರೋಲು ಬೇಕು. ಲೀಟರಿಗೆ ನೂರು ಹಿಡಿದರೂ ಗಂಟೆಗೆ ಒಂದೂವರೆ ಸಾವಿರ! ಲೆಕ್ಕ ಅಂಗಡಿಯವರಿಗೆ ಹೇಳಿಕೊಡಬೇಕಿಲ್ಲ. ಎಣ್ಣೆಯದ್ದು ಹಳೆಯ ಸೂತ್ರ: ಹೋಗಲು ಒಂದು ಪಾಲು, ಬರಲು ಒಂದು ಪಾಲು, ಮುಟ್ಟದೆ ಉಳಿಸಲು ಒಂದು ಪಾಲು. ನಾಡದೋಣಿಯ ಸೀಮೆಎಣ್ಣೆ ಇಂಜಿನು ಅಗ್ಗಕ್ಕೆ ಸಿಗುತ್ತದೆಂದು ಕಟ್ಟಿಕೊಂಡು, ಮೀನುಗಾರರ ಸಬ್ಸಿಡಿ ಸೀಮೆಎಣ್ಣೆಗೆ ಕೈಯೊಡ್ಡುವವರೂ ಹುಟ್ಟಿಕೊಂಡಾರು. ಅದು ಬಡವನ ತಟ್ಟೆಗೆ ಕೈ ಹಾಕಿದ ಹಾಗೆ.

ಉಪ್ಪುನೀರಿನಿಂದ ಬಂದ ಇಂಜಿನಿಗೆ ಪ್ರತಿ ಸಲ ಸಿಹಿನೀರು ಹಾಯಿಸಬೇಕು. ಮನೆಯಲ್ಲಿ ಬಾವಿ ಇದ್ದೂ ಆ ಹತ್ತು ನಿಮಿಷಕ್ಕೆ ಸೋಮಾರಿತನ ಮಾಡಿದವನ ಇಂಜಿನು ಬೇಗನೆ ಗುಜರಿ.

ತೆರಿಗೆಯ ತಮಾಷೆ

ಈಗ ಸರಕಾರದ ಕಡೆಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಮೋಜಿನ ಬೋಟಿನ ಮೇಲೆ ಜಿಎಸ್‌ಟಿ ಶೇಕಡಾ 40. ಮೀನುಗಾರಿಕೆ ಬೋಟಿಗೆ ಶೇಕಡಾ 5. ಐದು ಲಕ್ಷದ ಬೋಟೆಂದು ಹಿಡಿದರೆ ಒಂದಕ್ಕೆ ತೆರಿಗೆಯೇ ಎರಡು ಲಕ್ಷ, ಇನ್ನೊಂದಕ್ಕೆ ಇಪ್ಪತ್ತೈದು ಸಾವಿರ. ಮೀನುಗಾರನಿಗೆ ಕಡಿಮೆ ಇರುವುದು ನ್ಯಾಯ. ಅದು ಅವನ ಅನ್ನ. ಆದರೆ ಕೋಟ್ಯಧೀಶನ ವಿಹಾರ ನೌಕೆಯನ್ನೂ, ನಾಲ್ಕು ಅಂಗಡಿಯವರು ಪಾಲು ಹಾಕಿ ಕೊಳ್ಳುವ ಹದಿನಾರು ಅಡಿ ಬೋಟನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ಸೀಮೆ ನ್ಯಾಯ?

ಇದರ ಫಲ ಏನಾಗುತ್ತದೆಂದು ಹೇಳಲು ಜ್ಯೋತಿಷಿ ಬೇಡ. ಮೀನು ಹಿಡಿಯುವ ಹಳೆಯ ದೋಣಿಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿ, ಮೇಲೊಂದು ಟಾರ್ಪಾಲು ಎಳೆದು "ಫ್ಯಾಮಿಲಿ ಬೋಟು" ಎನ್ನುವುದು. ಬಲೆ, ಮಂಜುಗಡ್ಡೆ, ಮೀನು ತಳದಲ್ಲಿಟ್ಟು ಸಾಗಲು ಕಟ್ಟಿದ ದೋಣಿ ಅದು. ಕುರ್ಚಿಯ ಮೇಲೆ ಕೂತು ಸೆಲ್ಫಿಗೆ ಏಳುವ ಹತ್ತು ಜನರಿಗಲ್ಲ. 2023ರ ಮೇ 7ರ ಭಾನುವಾರ ಸಂಜೆ ಕೇರಳದ ತಾನೂರಿನಲ್ಲಿ ಮಗುಚಿ 22 ಜೀವ ತೆಗೆದದ್ದು ಮೀನುಗಾರಿಕೆ ದೋಣಿಯನ್ನು ಮಾರ್ಪಡಿಸಿ ಮಾಡಿದ ವಿಹಾರ ಬೋಟು. ಜನ ಹೆಚ್ಚು, ಕತ್ತಲೆ ಬೇರೆ.

ಅಷ್ಟು ದೂರ ಹೋಗುವುದೂ ಬೇಡ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ಬೋಟು ಮಗುಚಿ 16 ಜನ ಸತ್ತರು. ದೇವರಿಗೆ ಕೈ ಮುಗಿದು ಬರುತ್ತಿದ್ದವರು, ಮಕ್ಕಳೂ ಸೇರಿ. ಕಡಲಿಗೆ ಭಕ್ತ, ಪ್ರವಾಸಿ, ವ್ಯಾಪಾರಿ ಎಂಬ ಭೇದವಿಲ್ಲ.

ಕಾಗದ, ಜಾಕೆಟು, ಕೆಂಪು ಬಳ್ಳಿ

1917ರ ಕಾಯಿದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗು ಕಾಯಿದೆ ಪ್ರಕಾರ ಹೊಳೆ, ಹಿನ್ನೀರಿನಲ್ಲಿ ಓಡುವ ಯಂತ್ರದ ಬೋಟಿಗೆ ಸರ್ವೆ, ನೋಂದಣಿ, ವಿಮೆ ಬೇಕು. ಮೀನುಗಾರಿಕೆ ಇಲಾಖೆಯ ನಂಬರು ದೋಣಿಯ ಮೇಲಿದೆ ಎಂದ ಮಾತ್ರಕ್ಕೆ ಜನ ಹತ್ತಿಸುವ ಪರವಾನಗಿ ಸಿಕ್ಕಿತೆಂದು ತಿಳಿಯಬಾರದು. 2008ರ ನವೆಂಬರ್ 26ರ ಮುಂಬಯಿ ದಾಳಿಗೆ ಹಂತಕರು ಬಂದದ್ದು ಕಡಲ ದಾರಿಯಲ್ಲಿ. ಆಮೇಲೆ ಗುರುತು ಚೀಟಿ ಇಲ್ಲದೆ ನೀರಿಗಿಳಿದವನನ್ನು ಕರಾವಳಿ ಕಾವಲು ಪೊಲೀಸರು ತಡೆದು ಕೇಳಿದರೆ ಸಿಟ್ಟಾಗುವ ಹಾಗಿಲ್ಲ.

ಬೋಟಿನ ಹಣ ಎಣಿಸುವ ಮೊದಲು ಲೈಫ್ ಜಾಕೆಟ್ ಎಣಿಸಬೇಕು. ತಲೆಗೊಂದು. ಮಗುವಿಗೆ ಮಗುವಿನ ಅಳತೆಯದ್ದು. ಅಪ್ಪನ ಜಾಕೆಟ್ ಹಾಕಿದ ಮಗು ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮಗು ಜಾರುತ್ತದೆ. ಸೀಟಿನ ಅಡಿಗೆ ತುರುಕಿಟ್ಟ ಜಾಕೆಟ್ ಇದ್ದೂ ಇಲ್ಲದ ಹಾಗೆ. "ಸೆಖೆ ಮಾರಾಯ್ರೆ" ಎಂದು ಬಿಚ್ಚಿಡುವ ಯಜಮಾನನಿಗೆ ಹೆಂಡತಿಯೇ ಗದರಬೇಕು.

ಇಂಜಿನಿನ ಸ್ವಿಚ್ಚಿಗೆ ಸಿಕ್ಕಿಸಿ ಚಾಲಕನ ಕೈಗೆ ಕಟ್ಟಿಕೊಳ್ಳುವ ಬಳ್ಳಿ ಇರುತ್ತದೆ, ಹೆಚ್ಚಾಗಿ ಕೆಂಪು ಬಣ್ಣದ್ದು. ಚಾಲಕ ನೀರಿಗೆ ಬಿದ್ದರೆ ಇಂಜಿನು ತಾನೇ ನಿಲ್ಲುತ್ತದೆ. ಅದನ್ನು ಕಟ್ಟಿಕೊಳ್ಳದವನ ಬೋಟು ಹೆಂಡತಿ ಮಕ್ಕಳನ್ನು ಹೊತ್ತು ಅವನಿಲ್ಲದೆ ಓಡುತ್ತದೆ. ಈಜುವ ಮಕ್ಕಳು ಬೋಟು ಹತ್ತುವಾಗ ಇಂಜಿನು ಪೂರ್ತಿ ಬಂದ್ ಇರಬೇಕು, ನ್ಯೂಟ್ರಲ್ ಸಾಲದು. ಕೆಳಗಿರುವುದು ತಿರುಗುವ ಕತ್ತಿ.

ಹೊರಡುವುದು ಬೆಳಿಗ್ಗೆ. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಎದ್ದು ನೀರು ಕದಡುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ, ಫೋನಿನಲ್ಲೇ ನೋಡಬಹುದು. ಕೋಸ್ಟ್ ಗಾರ್ಡಿನ 1554, ಕರಾವಳಿ ಪೊಲೀಸರ 1093 ಎರಡೂ ಬಾಯಿಪಾಠ ಬರಬೇಕು. ಎಲ್ಲಿಗೆ ಹೊರಟದ್ದು, ಎಷ್ಟು ಹೊತ್ತಿಗೆ ಮರಳುವುದು ಎಂದು ದಡದಲ್ಲಿ ಒಬ್ಬರಿಗಾದರೂ ಹೇಳಿರಬೇಕು. ಜೂನ್, ಜುಲೈಯಲ್ಲಿ ದೊಡ್ಡ ಮೀನುಗಾರಿಕೆ ಬೋಟುಗಳೇ ದಡದಲ್ಲಿ ಕಟ್ಟಿರುತ್ತವೆ. ಆಗ ಮೋಜಿನ ಬೋಟಿನ ಮಾತೆತ್ತುವವನ ಬುದ್ಧಿಯೂ ದಡದಲ್ಲಿಲ್ಲ.

ಮೀನುಗಾರನೇ ಮೇಷ್ಟ್ರು

ಇಷ್ಟೆಲ್ಲಾ ಯಾರು ಕಲಿಸಬೇಕು? ಬೋಟು ಮಾರುವವನು ಕೀಲಿಕೈ ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ಕಲಿಸಬಲ್ಲವರು ದಕ್ಕೆಯಲ್ಲೇ ಇದ್ದಾರೆ. ಮೊಗವೀರರು, ಖಾರ್ವಿಗಳು ನೀರಿನ ಬಣ್ಣ ನೋಡಿ ದಿಬ್ಬ ಹೇಳುವವರು. ಹೊಸ ಬೋಟಿನವರು ಒಂದು ಹಂಗಾಮು ಅಂಥವರೊಬ್ಬರಿಗೆ ಸಂಬಳ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಕಡಲ ಬಲೆಯ ಮೇಲೆ ತೇಲುವ ಡಬ್ಬಿ, ಬಾವುಟ ಯಾಕಿದೆ ಎಂಬುದೂ ಆಗ ತಿಳಿಯುತ್ತದೆ. ಒಬ್ಬನ ಭಾನುವಾರದ ಮೋಜಿಗೆ ಇನ್ನೊಬ್ಬನ ಬಲೆ ಹರಿದರೆ ದಡಕ್ಕೆ ಬಂದ ಮೇಲೆ ಆಗುವುದು ಜಗಳವೇ.

ಸರಕಾರ ಮಾಡಬೇಕಾದದ್ದೂ ಕಷ್ಟದ್ದಲ್ಲ. ಹದಿನೆಂಟು ಅಡಿಯೊಳಗಿನ ಬೋಟಿಗೆ ತೆರಿಗೆ ಇಳಿಸಲಿ, ಬದಲಿಗೆ ತರಬೇತಿಯ ಸರ್ಟಿಫಿಕೇಟು, ತಲೆಗೊಂದು ಜಾಕೆಟು ಇಲ್ಲದೆ ನೋಂದಣಿ ಬೇಡ ಎನ್ನಲಿ. "ಶ್ರೀಮಂತರ ಆಟಕ್ಕೆ ರಿಯಾಯಿತಿ ಯಾಕೆ?" ಎಂದು ಯಾರಾದರೂ ಕೇಳಿಯಾರು. ರಿಯಾಯಿತಿ ಆಟಕ್ಕಲ್ಲ, ಕುರ್ಚಿ ಹಾಕಿದ ಮೀನಿನ ದೋಣಿಯಿಂದ ಸಂಸಾರಗಳನ್ನು ಇಳಿಸುವುದಕ್ಕೆ. ಪ್ರತಿ ದಕ್ಕೆಯಲ್ಲಿ ಒಂದು ಕರಿಹಲಗೆ ಇಟ್ಟು ಅಂದಿನ ಉಬ್ಬರ ಇಳಿತದ ಹೊತ್ತು, ಗಾಳಿಯ ಮುನ್ಸೂಚನೆ ಬರೆಸಲಿ. ಅದಕ್ಕೆ ಬೇಕಾದದ್ದು ಒಂದು ಸೀಮೆಸುಣ್ಣದ ಕಡ್ಡಿ, ಬರೆಯುವ ಒಬ್ಬ ನೌಕರ.

ಅಷ್ಟು ಆಗುವ ತನಕ ಕೊಳ್ಳುವವರೇ ಎಚ್ಚರವಿರಬೇಕು. ಸಣ್ಣ ಬೋಟು, ಸಾಧಾರಣ ಇಂಜಿನು, ಕಾಗದ ಸರಿ, ಜಾಕೆಟ್ ಪೂರ್ತಿ, ಅಳಿವೆಯ ಒಳಗೆ. ಇಷ್ಟಕ್ಕೆ ಹಣ ಸಾಲದಿದ್ದರೆ ಇನ್ನೊಂದು ವರ್ಷ ಚೀಟಿ ಕಟ್ಟಲಿ. ಹೊಳೆ ಎಲ್ಲಿಗೂ ಓಡಿಹೋಗುವುದಿಲ್ಲ.