ಬಕೆಟ್‌ಹೆಡ್ ಕೇಳೋಕೆ ಎಲ್ಲಿಂದ ಶುರು ಮಾಡ್ಬೇಕು? 'ಜೋರ್ಡನ್'ನಿಂದ ಅಂತೂ ಬೇಡ!

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಕೇಳಿದ: "ಸಾರ್, ನೀವು ಯಾವಾಗ್ಲೂ ಕೇಳ್ತಿರ್ತೀರಲ್ಲ, ಆ ಬಕೆಟ್‌ಹೆಡ್, ನಾನೂ ಕೇಳ್ಬೇಕು. ಎಲ್ಲಿಂದ ಶುರು ಮಾಡ್ಲಿ?" ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಮಹಾಶಯರೊಬ್ಬರು ಫೋನ್ ತೆಗೆದು 'ಜೋರ್ಡನ್' ಹಾಕಿಯೇಬಿಟ್ಟರು. ಹುಡುಗ ಎರಡು ನಿಮಿಷ ಕಣ್ಣರಳಿಸಿ ನೋಡಿದ. "ಏನ್ ಸ್ಪೀಡು ಸಾರ್!" ಅಂದ. ದೋಸೆ ಮುಗಿಸಿ ಎದ್ದು ಹೋದ. ಆಮೇಲೆ ಆ ಹೆಸರನ್ನೇ ಎತ್ತಿಲ್ಲ.

ಅಲ್ಲಿಗೆ ಒಬ್ಬ ಕೇಳುಗ ಕೈತಪ್ಪಿದ. ಆ ಸಿಟ್ಟಿಗೇ ಈ ಬರಹ.

ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಈತನ ನಿಜವಾದ ಹೆಸರು ಬ್ರಯಾನ್ ಕ್ಯಾರೊಲ್. ಕ್ಯಾಲಿಫೋರ್ನಿಯಾದವನು, ಹುಟ್ಟಿದ್ದು 1969ರಲ್ಲಿ. ಮುಖಕ್ಕೆ ಬಿಳಿ ಮುಖವಾಡ, ತಲೆ ಮೇಲೆ ಬೋರಲು ಹಾಕಿದ ಬಕೆಟ್ಟು, ಕೈಯಲ್ಲಿ ಗಿಟಾರು. ವೇದಿಕೆಯ ಮೇಲೆ ಮಾತೇ ಇಲ್ಲ ಅನ್ನಬಹುದು. 2000ದಿಂದ 2004ರವರೆಗೆ ಗನ್ಸ್ ಎನ್ ರೋಸಸ್ ತಂಡದಲ್ಲಿದ್ದ. ಮೊದಲ ಆಲ್ಬಂ 'ಬಕೆಟ್‌ಹೆಡ್‌ಲ್ಯಾಂಡ್' 1992ರದ್ದು. 2011ರಿಂದ 'ಪೈಕ್' ಅಂತ ಒಂದು ಸರಣಿ ಶುರು ಮಾಡಿದ, ಒಂದೊಂದೂ ಸುಮಾರು ಅರ್ಧ ಗಂಟೆಯದು. ಅವುಗಳ ಸಂಖ್ಯೆಯೇ ನಾನೂರು ದಾಟಿದೆ! 2015ರಲ್ಲಂತೂ ಒಂದೇ ವರ್ಷಕ್ಕೆ 118 ಆಲ್ಬಂ, ಅಂದರೆ ಮೂರು ದಿನಕ್ಕೊಂದು. ನಾನು ಇಂಜಿನಿಯರಿಂಗ್ ಸೇರಿದ ವರ್ಷ ಅದು. ಆ ಹೊತ್ತಿಗೆ ನನ್ನ ಕೈಲಿ ಒಂದು ಅಸೈನ್‌ಮೆಂಟ್ ಸರಿಯಾಗಿ ಮುಗಿದಿರಲಿಲ್ಲ :-)

ಇಂಥಾ ರಾಶಿಯ ಮುಂದೆ ನಿಂತ ಹೊಸಬರಿಗೆ ಸಾಮಾನ್ಯವಾಗಿ ಮೂರು ಸಲಹೆ ಸಿಗುತ್ತವೆ. ಮೂರೂ ತಪ್ಪು ಅನ್ನೋದು ನನ್ನ ವಾದ.

ಒಂದು, 'ಜೋರ್ಡನ್'. ಈ ಹಾಡು ಮನೆಮಾತಾಗಿದ್ದು 2006ರ 'ಗಿಟಾರ್ ಹೀರೋ 2' ಎಂಬ ವಿಡಿಯೋ ಗೇಮಿನಿಂದ. ಗಿಟಾರಿನ ಮೇಲಿರುವ ಗುಂಡಿಯೊಂದನ್ನು ಪಟಪಟನೆ ಒತ್ತಿ ಶಬ್ದವನ್ನು ಕತ್ತರಿಸುವ ಚಮತ್ಕಾರ ಅದರಲ್ಲಿದೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಮೊದಲ ಸಲ ಕೇಳುವವನಿಗೆ ಅದು ಸರ್ಕಸ್ಸು. ಸರ್ಕಸ್ಸಿಗೆ ಚಪ್ಪಾಳೆ ತಟ್ಟುತ್ತೇವೆ, ಮನೆಗೆ ಹೋಗುತ್ತೇವೆ.

ಎರಡು, "ಪೈಕ್ ಒಂದರಿಂದ ಸಾಲಾಗಿ ಕೇಳ್ತಾ ಬಾ". ಇದು ಸಂಗೀತದ ಸಲಹೆಯೋ ಲಾಗ್ ಫೈಲ್ ಓದೋ ಕೆಲಸವೋ? ಹತ್ತು ದಾಟುವಷ್ಟರಲ್ಲಿ ಯಾವುದು ಯಾವುದೆಂದು ಗೊತ್ತಾಗದೆ ಕೈಬಿಡುತ್ತಾರೆ.

ಮೂರು, 'ಸೂತ್‌ಸೇಯರ್'. 2006ರ 'ಕ್ರೈಮ್ ಸ್ಲಂಕ್ ಸೀನ್' ಆಲ್ಬಂನ ಒಂಬತ್ತು ನಿಮಿಷದ ಅದ್ಭುತ. ತೊಂದರೆ ಏನೆಂದರೆ, ಅದನ್ನು ಮೊದಲೇ ಕೇಳಿದವರು ಉಳಿದ ನಾನೂರರಲ್ಲೂ ಅದನ್ನೇ ಹುಡುಕುತ್ತಾರೆ. ಸಿಗದಿದ್ದಾಗ "ಬೇರೆಯದೆಲ್ಲ ಜೊಳ್ಳು" ಅಂದುಬಿಡುತ್ತಾರೆ.

ಹಾಗಾದರೆ ಎಲ್ಲಿಂದ? 1998ರ 'ಕೋಲ್ಮಾ'ದಿಂದ.

ಕೋಲ್ಮಾ ಅನ್ನೋದು ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಪುಟ್ಟ ಊರು. ಮಹಾನಗರ ತನ್ನೊಳಗೆ ಹೆಣ ಹೂಳುವುದನ್ನು ನಿಷೇಧಿಸಿದ ಮೇಲೆ ಸ್ಮಶಾನಗಳೆಲ್ಲ ಅಲ್ಲಿಗೆ ಬಂದವು. ಅಲ್ಲಿ ಬದುಕಿರುವವರಿಗಿಂತ ಮಣ್ಣಲ್ಲಿ ಮಲಗಿರುವವರೇ ಎಷ್ಟೋ ಪಟ್ಟು ಹೆಚ್ಚು. ಆ ಹೆಸರಿಟ್ಟು ಈತ ಆಲ್ಬಂ ಮಾಡಿದ್ದು ಯಾರಿಗೆ? ಕರುಳಿನ ಕ್ಯಾನ್ಸರಿನಿಂದ ನರಳುತ್ತಿದ್ದ ಅಮ್ಮನಿಗೆ, ಚೇತರಿಸಿಕೊಳ್ಳುವಾಗ ಆಕೆಗೆ ಹಿತವಾಗಿ ಕೇಳಿಸಲಿ ಅಂತ.

ನನ್ನ ವಾದ ಪೂರ್ತಿ ಇಲ್ಲೇ ಇದೆ. ಹಾಸಿಗೆ ಹಿಡಿದ ಅಮ್ಮನಿಗೆ ಸೆಕೆಂಡಿಗೆ ಎಷ್ಟು ನೋಟು ಅನ್ನುವ ಲೆಕ್ಕ ಬೇಡ. ತನಗೆ ಬರುವ ವಿದ್ಯೆಯನ್ನೆಲ್ಲ ಪ್ರದರ್ಶನಕ್ಕಿಡುವ ಅಗತ್ಯ ಆತನಿಗೆ ಅಲ್ಲಿ ಇರಲಿಲ್ಲ. ಹೊಸಬರು ಒಳಗೆ ಬರಬೇಕಾದ ಬಾಗಿಲು ಇಂಥದ್ದೇ ಅಲ್ಲವೇ? 'ಬಿಗ್ ಸರ್ ಮೂನ್' ಕೇಳಿ. ಒಂದೇ ನಿಮಿಷದ್ದು. ಸ್ವರದ ಬೆನ್ನಿಗೇ ಅದರ ಪ್ರತಿಧ್ವನಿ ಬಂದು ಸೇರಿ ಜೇಡರ ಬಲೆ ಹೆಣೆದ ಹಾಗಾಗುತ್ತದೆ. 'ವಾಚಿಂಗ್ ದ ಬೋಟ್ಸ್ ವಿತ್ ಮೈ ಡ್ಯಾಡ್' ಕೇಳಿ. ಕೊನೆಗೆ 'ಫಾರ್ ಮಾಮ್'.

"ಅಯ್ಯೋ, ಅದು ಸಪ್ಪೆ ಕಣಯ್ಯ, ಅವನನ್ನು ಪ್ರತಿನಿಧಿಸೋದೇ ಇಲ್ಲ" ಅನ್ನುವವರಿದ್ದಾರೆ. ಸ್ವಾಮಿ, ನಾನೂರು ಆಲ್ಬಂ ಮಾಡಿದವನನ್ನು ಪ್ರತಿನಿಧಿಸುವ ಒಂದು ಆಲ್ಬಂ ಇರಲು ಸಾಧ್ಯವೇ? ಮೆಟಲ್ಲೇ ಉಸಿರು ಅನ್ನುವವರಿಗೆ ಕೋಲ್ಮಾ ಬೋರಾಗಬಹುದು, ಒಪ್ಪಿದೆ. ಅಂಥವರು 'ಕ್ರೈಮ್ ಸ್ಲಂಕ್ ಸೀನ್' ಪೂರ್ತಿ ಕೇಳಲಿ, ಒಂದೇ ಹಾಡನ್ನು ಕಿತ್ತುಕೊಂಡು ಓಡುವುದು ಬೇಡ. ಉಳಿದವರು ಕೋಲ್ಮಾ ಆದಮೇಲೆ 2002ರ 'ಎಲೆಕ್ಟ್ರಿಕ್ ಟಿಯರ್ಸ್'ಗೆ ಬನ್ನಿ. ಡ್ರಮ್ಸ್ ಇಲ್ಲ, ಬರೀ ಗಿಟಾರು. ಅದರಲ್ಲಿ 'ಪದ್ಮಾಸನ' ಅನ್ನೋ ಹೆಸರಿನದ್ದೇ ಒಂದಿದೆ, ಹನ್ನೊಂದು ನಿಮಿಷದ್ದು, ಹೆಸರಿಗೆ ತಕ್ಕಂತೆ ಕೂತಲ್ಲೇ ಕೂರಿಸುತ್ತದೆ. ಆಮೇಲೆ ಬ್ಲೂಸ್ ಘಮಲಿನ 'ಪಾಪ್ಯುಲೇಶನ್ ಓವರ್‌ರೈಡ್' (2004). ಆಮೇಲೆ ಪೈಕುಗಳ ಸಮುದ್ರಕ್ಕೆ ಎಲ್ಲಿ ಬೇಕಾದರೂ ಹಾರಿ. ಜೋರ್ಡನ್ ಆಗ ಕೇಳಿ, ಅದೇ ಬೇರೆ ಥರ ಕೇಳಿಸುತ್ತದೆ.

ಇಷ್ಟೆಲ್ಲ ಉಪದೇಶ ಮಾಡುತ್ತಿರುವ ನಾನೇನು ಸಾಚಾ ಅಲ್ಲ. ಹಾಸ್ಟೆಲಿನಲ್ಲಿ ಈತನ ಸೋಲೋಗಳನ್ನು ಅರ್ಧ ವೇಗಕ್ಕಿಳಿಸಿ ನೋಟುಗಳನ್ನು ಎಣಿಸಿ ರೂಮ್‌ಮೇಟ್ ಜೊತೆ ಜಗಳ ಆಡಿದವನು ನಾನು. ಪ್ರೊಸೆಸರ್ ಸ್ಪೀಡು, ಫೋನಿನ ಬೆಂಚ್‌ಮಾರ್ಕು, ಗಿಟಾರಿನ ನೋಟು, ನಮಗೆ ಎಲ್ಲಾ ಒಂದೇ ಲೆಕ್ಕ. ಕೆಲಸಕ್ಕೆ ಸೇರಿದ ಮೇಲೆ, ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ, ನಿದ್ದೆ ಬಾರದೆ ಕೋಲ್ಮಾ ಹಾಕಿದೆ. 'ಫಾರ್ ಮಾಮ್' ಬರುವಷ್ಟರಲ್ಲಿ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಇಳಿದ ಕೂಡಲೇ ಅಮ್ಮನಿಗೆ ಫೋನ್ ಮಾಡಬೇಕು ಅನ್ನಿಸಿತು. ಅಷ್ಟು ವರ್ಷ ನಾನು ಗಿಟಾರು ಕೇಳಿಯೇ ಇರಲಿಲ್ಲ, ಸ್ಪೀಡೋಮೀಟರು ನೋಡುತ್ತಿದ್ದೆ.

ಸೋಮವಾರ ಆ ಹುಡುಗನನ್ನು ಹಿಡಿದು ಕೂರಿಸಿ ನನ್ನ ಹೆಡ್‌ಫೋನ್ ಅವನ ಕಿವಿಗೆ ಹಾಕುವವನಿದ್ದೇನೆ. ಜೋರ್ಡನ್ ಪಕ್ಷದವರು ನನ್ನನ್ನು ಧಾರಾಳವಾಗಿ ಬೈಯಬಹುದು. ಒಂದೇ ಷರತ್ತು: ಮೊದಲು ಕೋಲ್ಮಾ ಪೂರ್ತಿ ಕೇಳಿ, ಆಮೇಲೆ ಬಂದು ಬೈಯಿರಿ :-)